ಹಾವು ಬಿಟ್ಟುಹೋದ ರಾಜ್ಯ

ಹೋದ ವರ್ಷ ಮುಂಗಾರು ಹಿಡಿಯುವ ಮುಂಚೆ, ಹೊಸದುರ್ಗದ ನಮ್ಮ ಮನೆಯ ಎದುರಿನ ತೆಂಗಿನ ತೋಟಕ್ಕೆ ಒಂದು ಲಾರಿ ಉಪ್ಪು ಬಂತು. ತೆಂಗಿನ ಬುಡಕ್ಕೆ ಹಾಕುವ ದಪ್ಪ ಕಲ್ಲುಪ್ಪು. ಆಳುಗಳು ಚೀಲ ಇಳಿಸುತ್ತಿರುವಾಗಲೇ ನಾಲ್ಕು ಹನಿ ಉದುರಿತು. ಒದ್ದೆ ಗೋಣಿ, ಮಣ್ಣು, ಉಪ್ಪು ಮೂರೂ ಕಲೆತ ವಾಸನೆ ಜಗಲಿಯವರೆಗೂ ಬಂತು. ಸೊಪ್ಪು ಬಿಡಿಸುತ್ತಿದ್ದ ನಾನು ಹಾಗೇ ಎದ್ದು ನಿಂತೆ.

"ಏನಾಯ್ತೇ?" ಅಂದರು ಮನೆಯವರು.

"ಬಂಟ್ವಾಳ" ಅಂದೆ. ಅವರಿಗೆ ಏನೂ ತಿಳಿಯಲಿಲ್ಲ. ಆ ಸಂಜೆ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮೈಸೂರಿನಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ರಜೆಯ ಮೇಲೆ ಹೋಗಿದ್ದ ಟೀಚರೊಬ್ಬರ ಜಾಗ. ಮುಂದೇನು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಜೂನ್ ತಿಂಗಳ ಒಂದು ಬೆಳಿಗ್ಗೆ ಮೂಡಿಗೆರೆಯಲ್ಲಿ ಬಸ್ಸು ಬದಲಿಸಿ ಚಾರ್ಮಾಡಿ ಘಾಟಿ ಇಳಿದೆ. ಲಾಯಿಲ ದಾಟಿ ಬಂಟ್ವಾಳ ಮುಟ್ಟುವವರೆಗೂ ಮಳೆ ಒಂದು ಗಳಿಗೆ ಬಿಡಲಿಲ್ಲ. ಒಂದು ಹದ ಮಳೆಗಾಗಿ ದೇವರಿಗೆ ಹರಕೆ ಹೊರುವ ಸೀಮೆಯಿಂದ ಬಂದವಳು ನಾನು. ಅಷ್ಟೊಂದು ನೀರು ಯಾರಿಗೂ ಬೇಡವಾಗಿ ರಸ್ತೆಯ ಪಕ್ಕ ಹರಿದುಹೋಗುವುದನ್ನು ಕಂಡು ಹೊಟ್ಟೆ ಉರಿಯಿತು.

ಪೇಟೆಯ ಹಿಂದೆ, ಹೊಳೆಗೆ ಮುಖ ಮಾಡಿದ ಸುಮತಿ ಶೆಡ್ತಿಯವರ ಮನೆಯ ಮಹಡಿಯಲ್ಲಿ ನನಗೊಂದು ಕೋಣೆ. ಅವರ ಮಗ ಸೊಸೆ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಮೊಮ್ಮಗ ಪ್ರಸಾದ ಅಜ್ಜಿಯ ಜೊತೆಗಿದ್ದು ನಮ್ಮದೇ ಶಾಲೆಯ ಒಂಬತ್ತನೇ ಕ್ಲಾಸಿಗೆ ಬರುತ್ತಿದ್ದ. ಸುಮತಿಯಕ್ಕನಿಗೆ ಎತ್ತರದ ಆಳ್ತನ, ಎತ್ತರದ ದನಿ. ಮೊದಲ ವಾರವೇ ನನಗೆ ಹೇಳಿದರು: "ನೀವು ಒಳ್ಳೆಯವರೇ ಟೀಚರ್. ಆದರೆ 'ಮಾಡ್ತೀನಿ, ಹೋಗ್ತೀನಿ' ಅಂತ ಮಾತಾಡುವಾಗ ಬೈದ ಹಾಗೆ ಕೇಳ್ತದೆ." ಅವರ ತುಳು ನನಗೆ ಬಾರದು, ನನ್ನ ಕನ್ನಡ ಅವರಿಗೆ ಒರಟು. ನಡುವೆ ಪುಸ್ತಕದಂಥ ಒಂದು ಕನ್ನಡದಲ್ಲಿ ನಾವಿಬ್ಬರೂ ನಿಧಾನವಾಗಿ ಮಾತಾಡಿಕೊಳ್ಳುತ್ತಿದ್ದೆವು.

ಶಾಲೆಗೆ ಹೋಗುವ ದಾರಿಯಲ್ಲಿ ಪೇಟೆಯ ತುದಿಗೆ ಪುತ್ತುಮೋನು ಬ್ಯಾರಿಯವರ ಅಂಗಡಿ. ಬ್ಯಾರಿಗಳೆಂದರೆ ಆ ಕಡೆಯ ಮುಸಲ್ಮಾನ ವ್ಯಾಪಾರಿಗಳು. ಒಂದು ಬದಿಗೆ ಮರದ ದೊಡ್ಡ ಪೆಟ್ಟಿಗೆಯಲ್ಲಿ ಕಲ್ಲುಪ್ಪು, ಇನ್ನೊಂದು ಬದಿಗೆ ಒಣಮೀನು. ಮೀನಿನ ವಾಸನೆ ತಡೆಯಲಾರದೆ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡುತ್ತಿದ್ದೆ. ಒಂದು ದಿನ ಮುದುಕರು ಒಳಗಿನಿಂದಲೇ ಕೂಗಿದರು: "ಟೀಚರೇ, ಹೀಗೆ ಎಷ್ಟು ದಿನ ಉಸಿರು ಕಟ್ಟಿಕೊಂಡು ನಡೀತೀರಿ? ಸ್ವಲ್ಪ ಸ್ವಲ್ಪ ಬಿಡಿ. ಅಭ್ಯಾಸ ಆಗ್ತದೆ." ನಾಚಿಕೆಯಾಗಿ ಸೆರಗು ಇಳಿಸಿದೆ. ಅವರು ಹೇಳಿದಂತೆಯೇ ಅಭ್ಯಾಸವಾಯಿತು.

ಜುಲೈಯಲ್ಲಿ ನೇತ್ರಾವತಿ ಏರಿ ಪೇಟೆಗೆ ನೀರು ಬಂತು. ಶಾಲೆಗೆ ರಜೆ ಕೊಟ್ಟಿದ್ದರು. ಸುಮತಿಯಕ್ಕ ಕಿಟಕಿಯಿಂದ ನೋಡಿ, "ಬ್ಯಾರಿಗಳ ಉಪ್ಪು!" ಎಂದು ಕೂಗಿಕೊಂಡು ಪ್ರಸಾದನನ್ನು ಓಡಿಸಿದರು. ನಾನೂ ಹಿಂದೆಯೇ ಓಡಿದೆ. ಅಂಗಡಿಯೊಳಗೆ ಮೊಣಕಾಲುದ್ದ ನೀರು. ಅಕ್ಕಪಕ್ಕದ ಅಂಗಡಿಯವರು, ಶಾಲೆಯ ಹುಡುಗರು ಸಾಲಾಗಿ ನಿಂತು ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಅಟ್ಟಕ್ಕೆ ಹಾಕುತ್ತಿದ್ದರು. ಎಲ್ಲರಿಗಿಂತ ಮುಂದೆ ಇದ್ದವನು ಬ್ಯಾರಿಯವರ ಮೊಮ್ಮಗ ಸಾದಿಕ. ಅವನೂ ನನ್ನ ಒಂಬತ್ತನೇ ಕ್ಲಾಸಿನವನೇ. ಅವನ ಅಪ್ಪ ಸೌದಿಯಲ್ಲಿ ಲಾರಿ ಓಡಿಸುತ್ತಿದ್ದರು. ಕೊನೆಯ ಚೀಲ ಮೇಲೆ ಹೋದ ಮೇಲೆ ಮುದುಕರು ಅಟ್ಟದ ಏಣಿಯ ಮೇಲೇ ಕೂತು ಎಲ್ಲರಿಗೂ ಕರಿ ಚಹಾ ತರಿಸಿದರು. ಅವರ ಅಜ್ಜನ ಕಾಲದಲ್ಲಿ ಮಂಗಳೂರಿನಿಂದ ಉಪ್ಪು ಹೊಳೆಯ ಮೇಲೆ ದೋಣಿಯಲ್ಲಿ ಬರುತ್ತಿತ್ತಂತೆ. ಇಲ್ಲಿಂದ ಎತ್ತಿನ ಗಾಡಿಗಳು ಅದನ್ನು ಹೊತ್ತು ಬೆಳ್ತಂಗಡಿ ದಾಟಿ ಚಾರ್ಮಾಡಿ ಹತ್ತುತ್ತಿದ್ದವಂತೆ. "ಆಗ ಈ ಪೇಟೆಯಲ್ಲಿ ನಡೆಯಲಿಕ್ಕೆ ಜಾಗ ಇರ್ಲಿಲ್ಲ" ಅಂದರು. ಹೊರಗೆ ಬೀದಿಯಲ್ಲಿ ಈಗ ಬರೀ ನೀರಿತ್ತು.

ದಸರೆ ರಜೆ ಮುಗಿದ ಮೇಲೆ ಪಾಠ ಆಫ್ರಿಕಾಕ್ಕೆ ಬಂತು. ಮರುಭೂಮಿಯ ಅಂಚಿನಲ್ಲಿ ಉಪ್ಪು ಮತ್ತು ಚಿನ್ನದ ವ್ಯಾಪಾರದಿಂದ ಘಾನಾ ಎಂಬ ರಾಜ್ಯ ಬೆಳೆಯಿತು, ಆಮೇಲೆ ಅಳಿಯಿತು. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ನನಗೋ ಮೈಸೂರಿನಲ್ಲಿ ಓದುವಾಗ ಆ ರಾಜ್ಯವೆಂದರೆ ವಿಶೇಷ ಪ್ರೀತಿ. ಎಲ್ಲರೂ ವಿಜಯನಗರ, ಹೊಯ್ಸಳ ಎನ್ನುತ್ತಿದ್ದಾಗ ನಾನು ಗ್ರಂಥಾಲಯದಲ್ಲಿ ಸಹಾರಾದ ನಕ್ಷೆ ಹಿಡಿದು ಕೂರುತ್ತಿದ್ದೆ. ಪುಸ್ತಕ ಮುಚ್ಚಿಟ್ಟು ಹೇಳತೊಡಗಿದೆ.

"ಈಗ ಘಾನಾ ಅಂತ ಒಂದು ದೇಶ ಇದೆಯಲ್ಲ, ಇದು ಅದಲ್ಲ. ಅದಕ್ಕಿಂತ ತುಂಬಾ ಮೇಲೆ, ಮರಳು ಮುಗಿದು ಹುಲ್ಲು ಶುರುವಾಗೋ ಕಡೆ. ಅಲ್ಲಿಯ ಜನ ತಮ್ಮ ನಾಡನ್ನು ವಗಾದು ಅಂತ ಕರೀತಿದ್ದರು. ದಕ್ಷಿಣದ ಕಾಡಿನಲ್ಲಿ ಚಿನ್ನ ಸಿಗ್ತಿತ್ತು, ಆದರೆ ಊಟಕ್ಕೆ ಉಪ್ಪಿಲ್ಲ. ಉತ್ತರದ ಮರುಭೂಮಿಯಲ್ಲಿ ಉಪ್ಪು ಕಲ್ಲಿನ ಚಪ್ಪಡಿ ಹಾಗೆ ಸಿಗ್ತಿತ್ತು. ಒಂಟೆಗಳ ಮೇಲೆ ಅದನ್ನು ಹೇರಿಕೊಂಡು ವ್ಯಾಪಾರಿಗಳು ಬರ್ತಿದ್ದರು."

"ಉಪ್ಪಿಗೆ ಚಿನ್ನ ಕೊಡುವುದಾ?" ಪ್ರಸಾದ ಎದ್ದು ನಿಂತ. "ಟೀಚರ್, ಬಂಡಲ್ ಬಿಡ್ಬೇಡಿ."

"ನಮ್ಮ ಅಜ್ಜನಿಗೆ ಹೇಳ್ಬೇಕು ಇದನ್ನು" ಅಂದ ಸಾದಿಕ. ಕ್ಲಾಸೆಲ್ಲ ನಕ್ಕಿತು.

ಮರುದಿನ ಅವನೇ ಒಂದು ಸಣ್ಣ ಚೀಲ ಉಪ್ಪು ತಂದ. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಎರಡು ಗುಂಪು ಮಾಡಿದೆ. ಉಪ್ಪಿನವರು ಚಿನ್ನದವರ ಮುಖ ನೋಡಬಾರದು, ಮಾತಾಡಬಾರದು. ಉಪ್ಪನ್ನು ನೆಲದ ಮೇಲಿಟ್ಟು, ತಮಟೆ ಹೊಡೆದು ದೂರ ಹೋಗಬೇಕು. ಚಿನ್ನದವರು ಬಂದು ಪಕ್ಕದಲ್ಲಿ ಚಿನ್ನ ಇಟ್ಟು ಹೋಗಬೇಕು. ಸಾಲದೆನಿಸಿದರೆ ಉಪ್ಪಿನವರು ಮುಟ್ಟದೆ ಹಿಂದೆ ಸರಿಯಬೇಕು. ಹಳೆಯ ಪ್ರವಾಸಿಗಳು ಬರೆದಿಟ್ಟಿರುವ ಮಾತಿಲ್ಲದ ವ್ಯಾಪಾರ ಅದು. ನಮ್ಮ ಚಿನ್ನ ಎಂದರೆ ಮಂಜೊಟ್ಟಿ ಮರದ ಕೆಂಪು ಕಾಯಿಗಳು. ಇಡೀ ವರ್ಷ ಬಾಯಿ ಮುಚ್ಚದ ಮಕ್ಕಳು ಆ ಒಂದು ತಾಸು ಉಸಿರೆತ್ತದೆ ಉಪ್ಪು ಮಾರಿದರು. ಮರದ ಹಿಂದೆ ಅಡಗಿ ನಿಂತು, ಇನ್ನೊಬ್ಬರು ಎಷ್ಟು ಇಟ್ಟರು ಎಂದು ಇಣುಕಿ ನೋಡುವಾಗ ಅವರ ಕಣ್ಣು ಹೊಳೆಯುತ್ತಿದ್ದದ್ದು ಈಗಲೂ ಕಾಣುತ್ತದೆ.

ಆಮೇಲೆ ಅವರೇ ದಿನಾ ಕೇಳತೊಡಗಿದರು: ಮತ್ತೆ ಎಂತ ಆಯ್ತು? ಹೇಳುತ್ತ ಹೋದೆ. ಒಳಗೆ ಬರುವ ಉಪ್ಪಿಗೂ ಹೊರಗೆ ಹೋಗುವ ಉಪ್ಪಿಗೂ ರಾಜ ಸುಂಕ ಹಾಕಿದ. ಚಿನ್ನದ ಗಟ್ಟಿಯೆಲ್ಲ ರಾಜನಿಗೆ, ಪುಡಿ ಮಾತ್ರ ಪ್ರಜೆಗಳಿಗೆ. ರಾಜನ ಸಭೆಯಲ್ಲಿ ಕುದುರೆಗೂ ಚಿನ್ನದ ಬಟ್ಟೆ, ಬಾಗಿಲು ಕಾಯುವ ನಾಯಿಗೂ ಚಿನ್ನದ ಕೊರಳಪಟ್ಟಿ. ರಾಜಧಾನಿಯಲ್ಲಿ ಎರಡು ಪಟ್ಟಣ. ಒಂದರಲ್ಲಿ ರಾಜ ಮತ್ತು ಅವನ ದೇವರ ಬನಗಳು, ಇನ್ನೊಂದರಲ್ಲಿ ಮರುಭೂಮಿ ದಾಟಿ ಬಂದ ಮುಸಲ್ಮಾನ ವ್ಯಾಪಾರಿಗಳು ಮತ್ತು ಅವರ ಮಸೀದಿಗಳು. ರಾಜ ಅವರ ದೇವರನ್ನು ಪೂಜಿಸುತ್ತಿರಲಿಲ್ಲ, ಅವರು ರಾಜನ ದೇವರಿಗೆ ಕೈಮುಗಿಯುತ್ತಿರಲಿಲ್ಲ. ಆದರೆ ರಾಜನ ಲೆಕ್ಕ ನೋಡುವವರು, ಅವನ ಮಂತ್ರಿಗಳಲ್ಲಿ ಹಲವರು ಆ ವ್ಯಾಪಾರಿಗಳೇ. ಮತ್ತೆ ಹೇಗೆ ಬಿತ್ತು ಎಂದರು. ಪಂಡಿತರಲ್ಲಿ ಒಮ್ಮತವಿಲ್ಲ ಎಂದೆ. ಉತ್ತರದ ದಂಡು ಬಂತು ಎನ್ನುವವರಿದ್ದಾರೆ. ಮಳೆ ಕಡಿಮೆಯಾಯಿತು, ಬಾವಿ ಬತ್ತಿತು, ವ್ಯಾಪಾರಿಗಳು ಬೇರೆ ದಾರಿ ಹಿಡಿದರು ಎನ್ನುವವರೂ ಇದ್ದಾರೆ. ಆ ಜನ ಮಾತ್ರ ತಲೆತಲೆಮಾರಿನಿಂದ ಒಂದು ಕಥೆ ಹೇಳಿಕೊಂಡು ಬಂದಿದ್ದಾರೆ.

ಆ ಕಥೆಯನ್ನು ನಾನು ಹೇಳಿದ್ದೇ ಎಲ್ಲಕ್ಕೂ ಕಾರಣವಾಯಿತು. ವಗಾದುವಿನ ಬಾವಿಯೊಂದರಲ್ಲಿ ಮಹಾಸರ್ಪವೊಂದಿತ್ತು. ನಾಡಿಗೆ ಮಳೆ ಕೊಡುವುದೂ ಅದೇ, ಚಿನ್ನ ಕೊಡುವುದೂ ಅದೇ. ಅದಕ್ಕೆ ವರ್ಷಕ್ಕೊಬ್ಬಳು ಕನ್ಯೆಯನ್ನು ಒಪ್ಪಿಸಬೇಕು. ಒಂದು ವರ್ಷ ಆರಿಸಿದ ಹುಡುಗಿಯನ್ನು ಪ್ರೀತಿಸುತ್ತಿದ್ದ ತರುಣ ಕತ್ತಿ ಹಿಡಿದು ಬಂದು ಸರ್ಪವನ್ನು ಕಡಿದ. ಅದರ ತಲೆ ಹಾರಿ ದೂರದ ನಾಡಿನಲ್ಲಿ ಬಿತ್ತು. ಅಲ್ಲಿ ಚಿನ್ನ ಹುಟ್ಟಿತು. ವಗಾದುವಿನಲ್ಲಿ ಮಳೆ ನಿಂತಿತು.

ಅದೇ ವಾರ ಮೂಡಬಿದ್ರೆಯಲ್ಲಿ ಹೈಸ್ಕೂಲುಗಳ ನಾಟಕ ಸ್ಪರ್ಧೆ ಇದೆಯೆಂದು ಸುತ್ತೋಲೆ ಬಂತು. ಒಂಬತ್ತನೇ ಕ್ಲಾಸು ಒಂದೇ ದನಿಯಲ್ಲಿ "ವಗಾದು" ಎಂದಿತು. ಹುಡುಗಿಯ ಪಾತ್ರಕ್ಕೆ ಲವೀನಾ. ಯಾರಿಗೂ ಅಂಜದ, ಗಟ್ಟಿ ದನಿಯ ಹುಡುಗಿ. ಕತ್ತಿ ಹಿಡಿಯುವ ತರುಣ ಸಾದಿಕ. ಗೋಣಿ ಹೊಲಿದು ಮಾಡಿದ ಉದ್ದದ ಹಾವಿನೊಳಗೆ ಆರೇಳು ಮಕ್ಕಳು, ತಲೆಯ ಜಾಗದಲ್ಲಿ ಪ್ರಸಾದ.

ಒಂದು ಸಂಜೆ ಪ್ರಸಾದ ಗೋಣಿ ಹೊದ್ದು ಜಗಲಿಯಲ್ಲಿ ತೆವಳುತ್ತಿದ್ದ. ಸುಮತಿಯಕ್ಕ ಕಾಫಿ ತಂದವರು ನಿಂತರು.

"ಎಂತ ಮಾರಾಯ ಅದು?"

"ನಾನು ಹಾವು, ಅಜ್ಜಿ. ಸಾದಿಕ ನನ್ನನ್ನು ಕಡಿಯುವುದು."

ಅವರು ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಟೀಚರ್, ಇದು ಯಾವ ನಮೂನೆಯ ನಾಟಕ? ನಾಗನನ್ನು ಕಡಿಸ್ತೀರಾ? ನನ್ನ ಮನೆಯ ಹಿಂದೆ ನಾಗಬನ ಉಂಟು, ಗೊತ್ತಲ್ಲ?"

"ಇದು ನಮ್ಮ ನಾಗ ಅಲ್ಲ ಸುಮತಿಯಕ್ಕ. ಎಲ್ಲೋ ಆಫ್ರಿಕಾದ್ದು. ಅವರ ಕಥೆ."

"ಹಾವು ಎಲ್ಲಿಯದಾದರೂ ಹಾವೇ ಅಲ್ವಾ?"

ಮರುದಿನದಿಂದ ಊಟದ ತಟ್ಟೆ ನನ್ನ ಕೋಣೆಯ ಬಾಗಿಲ ಹೊರಗೆ ಬರತೊಡಗಿತು. ಪದಾರ್ಥಗಳ ರುಚಿ ಕಡಿಮೆಯಾಗಲಿಲ್ಲ, ಮಾತು ಮಾತ್ರ ನಿಂತಿತು. ಎದುರು ಕೂತು "ಇನ್ನು ಸ್ವಲ್ಪ ಹಾಕುವನಾ?" ಎನ್ನುವ ಆ ದನಿ ಇಲ್ಲದೆ ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು.

ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಬಾಯಿಂದ ಬಾಯಿಗೆ ಹೋಗುತ್ತ ಅದು ಬೇರೆಯೇ ಆಯಿತು. ಬ್ಯಾರಿ ಹುಡುಗ ಸ್ಟೇಜಿನ ಮೇಲೆ ನಾಗನನ್ನು ಕಡಿಯುತ್ತಾನಂತೆ! ವಗಾದು ಇಲ್ಲ, ಮರುಭೂಮಿ ಇಲ್ಲ, ಅಷ್ಟೇ ಉಳಿಯಿತು. ಒಂದು ಮಧ್ಯಾಹ್ನ ನಾಲ್ಕೈದು ತರುಣರು ಉಪ್ಪಿನ ಅಂಗಡಿಯ ಮುಂದೆ ನಿಂತು ಪುತ್ತುಮೋನು ಬ್ಯಾರಿಯವರನ್ನು ಪ್ರಶ್ನೆ ಮಾಡಿದರು. ಸುಮತಿ ಶೆಡ್ತಿಯವರಂಥ ಹಿರಿಯರಿಗೆ ನೋವಾಗಿದೆ, ಇದೆಲ್ಲ ಈ ಊರಲ್ಲಿ ನಡೆಯುವುದಿಲ್ಲ ಎಂದು ಹೇಳಿಹೋದರು. ಮರುದಿನದಿಂದ ಸಾದಿಕ ಶಾಲೆಗೆ ಬರಲಿಲ್ಲ.

ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ನಿವೃತ್ತಿಗೆ ಹತ್ತಿರವಾಗಿದ್ದ, ಯಾರ ಮನಸ್ಸನ್ನೂ ನೋಯಿಸದ ಮನುಷ್ಯ. "ಟೀಚರ್, ಆ ನಾಟಕ ಬೇಡ. ಒಂದು ಸಮೂಹಗಾನ ಮಾಡಿಸುವ. ನೀವು ಹೊರಗಿನವರು, ನಿಮಗೆ ಗೊತ್ತಾಗುವುದಿಲ್ಲ. ಊರು ಮೊದಲಿನ ಹಾಗೆ ಇಲ್ಲ" ಅಂದರು. ಆಗಲಿ ಸರ್ ಎಂದು ಹೊರಗೆ ಬಂದೆ. ಮಕ್ಕಳಿಗೆ ಹೇಳಿದಾಗ ಲವೀನಾ, "ಸಾದಿಕ ಎಂತ ತಪ್ಪು ಮಾಡಿದ್ದು ಟೀಚರ್?" ಎಂದಳು.

ಮನೆಗೆ ಬಂದು, ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದ ಸುಮತಿಯಕ್ಕನ ಎದುರು ನಿಂತೆ. "ನಾಟಕ ನಿಲ್ಲಿಸಿದ್ದೀವಿ. ಇನ್ನು ನಿಮಗೆ ಬೇಜಾರು ಬೇಡ. ಆದರೆ ಆ ಹುಡುಗ ಶಾಲೆಗೇ ಬರ್ತಿಲ್ಲ. ನಿಮಗೆ ನೋವಾಗಿದೆ ಅಂತ ಹೇಳಿ ಯಾರೋ ಅವರ ಅಂಗಡಿ ಮುಂದೆ ಜಗಳಕ್ಕೆ ನಿಂತಿದ್ದರಂತೆ."

ಅವರು ಮೊರ ಕೆಳಗಿಟ್ಟರು. "ಯಾರ ಹೆಸರು ಹೇಳಿದ್ದು?"

"ನಿಮ್ಮದೇ."

"ನನ್ನದಾ?" ಎದ್ದು ಸೆರಗು ಕೊಡವಿಕೊಂಡರು. "ಮದುವೆಯಾಗಿ ಬಂದ ವರ್ಷದಿಂದ ನಾನು ಆ ಅಂಗಡಿಯ ಉಪ್ಪು ತಿಂದವಳು. ನನ್ನ ಹೆಸರು ಹಿಡಿದು ಆ ಅಂಗಡಿಯ ಮುಂದೆ ನಿಲ್ಲಲಿಕ್ಕೆ ಇವರು ಯಾರು? ಬನ್ನಿ, ಹೋಗುವ."

ಪುತ್ತುಮೋನು ಬ್ಯಾರಿಯವರು ಅರ್ಧ ಹಲಗೆ ಹಾಕಿಕೊಂಡು ಒಳಗೆ ಕೂತಿದ್ದರು. ನಮ್ಮನ್ನು ಕಂಡು ಎದ್ದು ಸ್ಟೂಲು ಸರಿಸಿದರು. ಸುಮತಿಯಕ್ಕ ಕೂರಲಿಲ್ಲ.

"ಬ್ಯಾರಿಗಳೇ, ನನಗೆ ಬೇಸರ ಆದದ್ದು ಹೌದು. ಟೀಚರಿಗೆ ಹೇಳಿದ್ದೂ ಹೌದು. ನಿಮ್ಮ ಪುಳ್ಳಿ ಸಾದಿಕನಿಗೆ ಒಂದು ಮಾತು ಹೇಳಿದ್ದೇನಾ?"

"ಇಲ್ಲ ಸುಮತಿಯಕ್ಕ."

"ಮತ್ತೆ ಅವನನ್ನು ಮನೆಯಲ್ಲಿ ಯಾಕೆ ಕೂರಿಸಿದ್ದು?"

ಮುದುಕರು ಉಪ್ಪಿನ ಪೆಟ್ಟಿಗೆಯ ಅಂಚು ಹಿಡಿದುಕೊಂಡರು. "ಹೆದರಿಕೆ ಆಯ್ತು ಅಕ್ಕ. ಅವನ ಬಾಪ ಅಲ್ಲಿ ಮರುಭೂಮಿಯಲ್ಲಿ. ಇಲ್ಲಿ ಏನಾದರೂ ಆದರೆ ನಾನು ಮಗನಿಗೆ ಎಂತ ಹೇಳುವುದು?"

ಸುಮತಿಯಕ್ಕ ಆಗ ಕೂತರು. ಅವರು ಕೂತ ಆ ರೀತಿಯಲ್ಲೇ ಸಿಟ್ಟೆಲ್ಲ ಇಳಿದುಹೋದದ್ದು ತಿಳಿಯಿತು. ನನ್ನ ಕಡೆ ತಿರುಗಿ ಹೇಳಿದರು: "ಟೀಚರ್, ಆ ಕಥೆಯನ್ನು ಮೊದಲಿನಿಂದ ಹೇಳಿ. ನಾನು ಅರ್ಧ ಕೇಳಿ ಸಿಟ್ಟು ಮಾಡಿಕೊಂಡದ್ದು."

ಉಪ್ಪಿನ ಚೀಲಗಳ ನಡುವೆ ನಿಂತು ವಗಾದುವಿನ ಕಥೆಯನ್ನು ಇಡಿಯಾಗಿ ಹೇಳಿದೆ. ಬ್ಯಾರಿಯವರು ಸುಂಕದ ಭಾಗಕ್ಕೆ ತಲೆದೂಗಿದರು. ಸುಮತಿಯಕ್ಕ ಕೊನೆಯವರೆಗೂ ಅಲ್ಲಾಡದೆ ಕೇಳಿದರು.

"ಹಾವನ್ನು ಕೊಂದರು ಅಂತ ಹೇಳ್ತೀರಿ. ಆಮೇಲೆ ಚಿನ್ನ ಬೇರೆ ಊರಲ್ಲಿ ಸಿಕ್ಕಿತು ಅಂತಲೂ ಹೇಳ್ತೀರಿ. ಹಾಗಾದರೆ ಹಾವು ಸತ್ತಿಲ್ಲ ಟೀಚರೇ. ಎದ್ದು ಹೋದದ್ದು."

ಬ್ಯಾರಿಯವರು ಮೆಲ್ಲನೆ ನಕ್ಕರು. "ಅದು ಸರಿ ಅಕ್ಕ. ಈ ಪೇಟೆಯನ್ನು ಯಾರಾದರೂ ಕೊಂದರಾ? ಮೊದಲು ದೋಣಿ ನಿಂತಿತು. ಆಮೇಲೆ ಗಾಡಿ ನಿಂತಿತು. ಮತ್ತೆ ಬಸ್ಸುಗಳೆಲ್ಲ ಆಚೆ ಹೆದ್ದಾರಿಯ ಬಿ.ಸಿ. ರೋಡಿನಲ್ಲಿ ನಿಲ್ಲಲಿಕ್ಕೆ ಶುರು ಆಯ್ತು. ಯಾರಿಗೂ ನಮ್ಮ ಮೇಲೆ ದ್ವೇಷ ಇರ್ಲಿಲ್ಲ. ಒಂದು ದಿನ ತಲೆ ಎತ್ತಿ ನೋಡಿದರೆ ಬೀದಿ ಖಾಲಿ."

"ಹಾಗಾದರೆ ಹಾವು ಬಿಟ್ಟುಹೋಗಲಿ" ಅಂದರು ಸುಮತಿಯಕ್ಕ. "ರಾಜ್ಯ ಬೀಳಲಿಕ್ಕೆ ಅಷ್ಟು ಸಾಕು."

ಎಂ.ಎ. ಓದುವಾಗ ದಂಡು ಬಂತೋ ವ್ಯಾಪಾರದ ದಾರಿ ತಪ್ಪಿತೋ ಎಂದು ಉದ್ದುದ್ದ ಉತ್ತರ ಬರೆದಿದ್ದೆ. ದಾರಿ ತಪ್ಪುವುದು ಎಂದರೆ ಹೇಗಿರುತ್ತದೆಂದು ನನಗೆ ಅರ್ಥವಾದದ್ದು ಅವತ್ತು, ಆ ಅಂಗಡಿಯಲ್ಲಿ.

ಮರುದಿನ ಬೆಳಿಗ್ಗೆ ಅವರಿಬ್ಬರೂ ನನ್ನ ಜೊತೆ ಶಾಲೆಗೆ ಬಂದರು. ಸಾದಿಕ ಅಜ್ಜನ ಹಿಂದೆ ತಲೆ ತಗ್ಗಿಸಿಕೊಂಡು ನಡೆದ. ಸುಮತಿಯಕ್ಕ ಹೆಡ್‌ಮಾಸ್ಟರಿಗೆ ಹೇಳಿದರು: "ಹಾವಿನ ತಲೆ ನನ್ನ ಪುಳ್ಳಿ. ಹಾವಿನ ಬಗ್ಗೆ ಯಾರಿಗೆ ಎಂತ ಕೇಳಲಿಕ್ಕಿದ್ದರೂ ನನ್ನ ಜಗಲಿಗೆ ಬರಲಿಕ್ಕೆ ಹೇಳಿ."

"ಆಗ್ಲಿ ಅಕ್ಕ, ಆಗ್ಲಿ. ಆದರೆ ಕತ್ತಿ ಒಂದು ಬೇಡ."

"ಕತ್ತಿ ಇರಲಿ ಮಾಸ್ಟ್ರೇ. ಎತ್ತಲಿ. ಎತ್ತಿದ ಕೈ ಹಾಗೆಯೇ ನಿಲ್ಲಲಿ."

ನಾಟಕದ ಕೊನೆಯನ್ನು ಮಕ್ಕಳೇ ಮತ್ತೆ ಕಟ್ಟಿದರು. ತರುಣ ಕತ್ತಿ ಎತ್ತುತ್ತಾನೆ. ಹಾವು ಅವನನ್ನೂ ಹುಡುಗಿಯನ್ನೂ ಒಮ್ಮೆ ನೋಡಿ, ತಿರುಗಿ ಹೊರಟುಬಿಡುತ್ತದೆ. ಅದರ ಹಿಂದೆ ವ್ಯಾಪಾರಿಗಳು, ಒಂಟೆಗಳು, ಕೊನೆಗೆ ರಾಜನ ನಾಯಿಯೂ ಹೋಗುತ್ತವೆ. ಅಭ್ಯಾಸದ ಹೊತ್ತಿಗೆ, ಅಂಗಡಿಯ ಮುಂದೆ ಪ್ರಶ್ನೆ ಮಾಡಿದ್ದ ಆ ತರುಣರಲ್ಲಿ ಒಬ್ಬ ಕಂಪೌಂಡಿನ ಹೊರಗೆ ಸೈಕಲ್ ನಿಲ್ಲಿಸಿ ನೋಡುತ್ತಿರುತ್ತಿದ್ದ. ಕೆಲವು ದಿನ ಕಳೆದ ಮೇಲೆ ಒಳಗೆ ಬಂದು, "ಬಾಲ ಹಾಗೆ ಎಳೆಯುವುದಲ್ಲ" ಎಂದು ಹಾವಿನ ಹಿಂದಿನ ಮಕ್ಕಳಿಗೆ ನಡೆ ತೋರಿಸಿಕೊಟ್ಟ. ಉಳಿದವರು ಬರಲಿಲ್ಲ. ಅವರ ಮನಸ್ಸು ಏನಾಯಿತೋ ನನಗೆ ತಿಳಿಯದು.

ಖಾಲಿಯಾದ ರಾಜಧಾನಿಯಲ್ಲಿ ಗಾಳಿ ಬೀಸುವ ಸದ್ದು ಬೇಕಿತ್ತು. ಬಾಯಿಂದ ಊದಿ ನೋಡಿದೆವು, ತಗಡು ಅಲ್ಲಾಡಿಸಿದೆವು, ಸರಿಬರಲಿಲ್ಲ. ಒಂದು ದಿನ ಸಾದಿಕ ಟೇಪ್ ರೆಕಾರ್ಡರು, ಒಂದು ಕ್ಯಾಸೆಟ್ಟು ತಂದ. ಆಗ ಗಲ್ಫಿನಲ್ಲಿದ್ದವರು ಮನೆಗೆ ಕಾಗದದ ಬದಲು ಮಾತನ್ನೇ ಕ್ಯಾಸೆಟ್ಟಿಗೆ ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಅವನ ಅಪ್ಪ ಒಮ್ಮೆ ದಾರಿಯಲ್ಲಿ ಲಾರಿ ನಿಲ್ಲಿಸಿ, ಕಿಟಕಿ ಇಳಿಸಿ, ಮಗನಿಗೆ ಕೇಳಲೆಂದು ಮರುಭೂಮಿಯ ಗಾಳಿಯನ್ನು ಹಿಡಿದಿದ್ದರು. ಟೇಪು ಹಾಕಿದ ಕೂಡಲೇ ಮಕ್ಕಳೆಲ್ಲ ಹತ್ತಿರ ಸರಿದು ಕೂತರು. ನಮ್ಮ ಕಡೆಯ ಗಾಳಿಯಂತೆ ಬಂದು ಹೋಗುವುದಲ್ಲ. ಒಂದೇ ಉಸಿರಿನಲ್ಲಿ, ಮುಗಿಯದೆ, ಸಣ್ಣ ಹರಳುಗಳು ಲಾರಿಗೆ ಬಡಿಯುವ ಸದ್ದಿನೊಂದಿಗೆ ಬೀಸುವ ಗಾಳಿ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸಿನ ಟಾಪಿನ ಮೇಲೆ ಹಾವನ್ನು ಕಟ್ಟಿಕೊಂಡು ಮೂಡಬಿದ್ರೆಗೆ ಹೋದೆವು. ಸುಮತಿಯಕ್ಕ ಪಟ್ಟೆ ಸೀರೆ ಉಟ್ಟಿದ್ದರು. ಬ್ಯಾರಿಯವರು ಬಿಳಿ ಅಂಗಿ, ಹೊಸ ಟೊಪ್ಪಿ. ಹೆಡ್‌ಮಾಸ್ಟರು ದಾರಿಯುದ್ದಕ್ಕೂ ಶಾಲೆಯ ಮಾನ ಎನ್ನುತ್ತಿದ್ದರು. ಮಧ್ಯಾಹ್ನ ನಮ್ಮ ಸರದಿ ಬಂತು. ಉಪ್ಪಿನ ವ್ಯಾಪಾರಕ್ಕೆ ಸಭೆ ನಕ್ಕಿತು, ರಾಜನ ನಾಯಿಗೆ ಚಪ್ಪಾಳೆ ಬಿತ್ತು. ಲವೀನಾ ಬಾವಿಯ ಕಡೆ ನಡೆಯುವಾಗ ಗದ್ದಲ ನಿಂತಿತು. ಸಾದಿಕ ಕತ್ತಿ ಎತ್ತಿದ. ಆರೇಳು ಮಕ್ಕಳ ಆ ಗೋಣಿಯ ಹಾವು ತಲೆ ಎತ್ತಿ ನೋಡಿತು. ನೋಡಿ ತಿರುಗಿತು. ವೇದಿಕೆ ಇಳಿದು ಜನರ ನಡುವಿನ ದಾರಿಯಲ್ಲಿ ಮೆಲ್ಲನೆ ಬಾಗಿಲ ಕಡೆ ಹೋಯಿತು. ದಾರಿಯ ಅಕ್ಕಪಕ್ಕ ಕೂತಿದ್ದ ಹೆಂಗಸರು ಕಾಲು ಹಿಂದೆಳೆದುಕೊಂಡರು. ಒಬ್ಬಿಬ್ಬರು ಕೈಮುಗಿದರು.

ವೇದಿಕೆಯ ಮೇಲೆ ಸಾದಿಕ ಒಬ್ಬನೇ ಉಳಿದ. ಗಾಳಿ ಬೀಸತೊಡಗಿತು. ತೆರೆಯ ಹಿಂದೆ ಟೇಪು ನೋಡಿಕೊಳ್ಳಲು ಹೋಗಿದ್ದ ಲವೀನಾ ಗಾಳಿ ಮುಗಿಯುವ ಮೊದಲೇ ಅದನ್ನು ನಿಲ್ಲಿಸಬೇಕಿತ್ತು. ಅವಳು ಹಾವು ಹೋಗುವುದನ್ನೇ ನೋಡುತ್ತ ಮೈಮರೆತಳು. ಗಾಳಿ ನಿಂತಿತು. ಧ್ವನಿವರ್ಧಕದಲ್ಲಿ ಒಬ್ಬ ಗಂಡಸಿನ ದನಿ ಕೇಳಿಸಿತು. ಬ್ಯಾರಿ ಭಾಷೆಯಲ್ಲಿ, ಯಾರೋ ಪಕ್ಕದಲ್ಲೇ ಕೂತು ಕೇಳುವ ಹಾಗೆ (ಅರ್ಥ ಸಾದಿಕ ಆಮೇಲೆ ಹೇಳಿದ್ದು): ಸಾದಿಕಾ, ಊಟ ಆಯ್ತಾ ಮಗನೇ? ಮಳೆ ಜೋರುಂಟಾ ಅಲ್ಲಿ? ಪೇಟೆಗೆ ನೀರು ಬಂತಾ? ಅಜ್ಜನ ಉಪ್ಪು ಉಳಿಯಿತಾ?

ಸಾದಿಕ ಆ ದನಿ ಬಂದ ಕಡೆ ತಿರುಗಿದ. ಕೈಯಲ್ಲಿದ್ದ ಕತ್ತಿ ಮೆಲ್ಲನೆ ಕೆಳಗಿಳಿಯಿತು.

"ಬಂತು ಬಾಪಾ" ಎಂದ, ಅದೇ ಭಾಷೆಯಲ್ಲಿ. "ಉಪ್ಪನ್ನು ಅಟ್ಟಕ್ಕೆ ಹಾಕಿದೆವು. ಪ್ರಸಾದ ಇದ್ದ, ಟೀಚರ್ ಇದ್ದರು, ಎಲ್ಲರೂ ಇದ್ದರು. ಏನೂ ಕರಗಲಿಲ್ಲ."

ಟೇಪು ನಿಂತಿತು. ಅವನು ಸಭೆಯ ಕಡೆ ತಿರುಗಿ ತನ್ನ ಕೊನೆಯ ಮಾತನ್ನು ಕನ್ನಡದಲ್ಲಿ ಹೇಳಿದ: "ಇಲ್ಲಿ ಒಂದು ರಾಜ್ಯವಿತ್ತು." ತೆರೆ ಬಿತ್ತು. ನಾನು ಬದಿಗೆ ನೋಡಿದೆ. ಪುತ್ತುಮೋನು ಬ್ಯಾರಿಯವರು ಟೊಪ್ಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಸುಮತಿಯಕ್ಕ ಅವರ ಕಡೆ ನೋಡದೆ, ಎದುರು ನೋಡುತ್ತಲೇ ತಮ್ಮ ಎಲೆ ಅಡಿಕೆಯ ಚೀಲವನ್ನು ಅವರತ್ತ ಸರಿಸಿದರು.

ಬಹುಮಾನ ಬರಲಿಲ್ಲ. ರಾಜ್ಯ ಬೀಳುವುದನ್ನು ತೋರಿಸುವಾಗ ಒಂದು ಯುದ್ಧವಾದರೂ ಇರಬೇಕಿತ್ತು, ನಡುವೆ ಅರ್ಥವಾಗದ ಭಾಷೆ ಬಂತು ಎಂದು ತೀರ್ಪುಗಾರರು ಹೇಳಿದರು. ಹೆಡ್‌ಮಾಸ್ಟರು ಎದ್ದು, ಆ ಭಾಷೆ ನಮ್ಮ ಶಾಲೆಯ ಮಕ್ಕಳದ್ದೇ ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬಸ್ಸಿನಲ್ಲಿ ಲವೀನಾ ತನ್ನಿಂದ ತಪ್ಪಾಯಿತೆಂದು ಅತ್ತಳು. ಸಾದಿಕ ಅವಳಿಗೆ ಕಡಲೆಕಾಯಿ ಕೊಟ್ಟು, "ಅಳ್ಬೇಡ ಮಾರಾಯ್ತಿ, ನಂಗೆ ಬಾಪನ ಹತ್ರ ಮಾತಾಡಿದ ಹಾಗೆ ಆಯ್ತು" ಎಂದ.

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಕೆಲಸವೂ ಮುಗಿಯಿತು. ರಜೆಯ ಮೇಲಿದ್ದ ಟೀಚರು ಜೂನಿಗೆ ಬರುತ್ತಾರೆಂದು ತಿಳಿಯಿತು. ಈಗ ಆ ಮಕ್ಕಳಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ಉಪ್ಪಿನ ಅಂಗಡಿ ಕೆಲವು ವರ್ಷಗಳ ಮೇಲೆ ಮುಚ್ಚಿತು, ಮುದುಕರೂ ತೀರಿಕೊಂಡರು ಎಂದು ಪ್ರಸಾದ ಫೋನಿನಲ್ಲಿ ತಿಳಿಸಿದ್ದ. ಆದರೆ ಆ ಏಪ್ರಿಲಿನಲ್ಲಿ ಎಲ್ಲರೂ ಇದ್ದರು. ನಾನು ಹೊರಡುವ ವಾರ ಸಾದಿಕನ ಅಪ್ಪ ಹಮೀದ್ ರಜೆಯಲ್ಲಿ ಊರಿಗೆ ಬಂದರು. ಬಿಸಿಲಿಗೆ ಕಪ್ಪಾಗಿದ್ದ, ಮೆಲುಮಾತಿನ ಮನುಷ್ಯ. ಸುಮತಿಯಕ್ಕನ ಜಗಲಿಗೆ ಬಂದು, "ನಾನು ಸೌದಿಯಲ್ಲಿ ಇರುವಾಗ ನನ್ನ ಸ್ವರ ಮೂಡಬಿದ್ರೆಗೆ ಹೋಗಿ ನಾಟಕ ಮಾಡಿತಂತಲ್ಲ ಟೀಚರ್" ಎಂದು ನಕ್ಕರು. ಆ ರಾಜ್ಯದ ಕಥೆ ಕೇಳಬೇಕೆಂದರು. ಹೇಳಿದೆ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು: "ಹಾವು ಹೋಯಿತು ಸರಿ. ಜನ ಎಲ್ಲಿಗೆ ಹೋದರು?"

"ಎಲ್ಲ ಕಡೆ ಹೋದರು. ಹೋದಲ್ಲೆಲ್ಲ ವ್ಯಾಪಾರ ಮಾಡಿದರು. ಅವರ ವಂಶದವರು ಈಗಲೂ ಊರು ಬಿಟ್ಟು ದೂರ ದೇಶಗಳಿಗೆ ದುಡಿಯೋಕೆ ಹೋಗ್ತಾರೆ."

ಹಮೀದ್ ಹೊಳೆಯ ಕಡೆ ನೋಡಿದರು. "ಊರಿಗೆ ಬಂದು ಹೋಗ್ತಾ ಇರ್ತಾರಲ್ಲ?"

"ಬರ್ತಾರಂತೆ."

"ಹಾಗಾದರೆ ತೊಂದರೆ ಇಲ್ಲ" ಎಂದರು.

ತಿರುಗಿ ಹೋಗುವಾಗ ಜೊತೆಗಿರಲಿ ಎಂದು ಅವರಿಗೆ ಇಡೀ ನಾಟಕ ಕ್ಯಾಸೆಟ್ಟಿನಲ್ಲಿ ಬೇಕಿತ್ತು. ಮರುದಿನ ಸಂಜೆ ಆ ಜಗಲಿಯಲ್ಲೇ ಮಕ್ಕಳೆಲ್ಲ ಸೇರಿದರು. ಬ್ಯಾರಿಯವರು ತಮಟೆ ಹಿಡಿದು ಕೂತರು. ರಾಜ ಮಾತಾಡಿದ, ಸುಂಕದವನು ಕೂಗಿದ, ಲವೀನಾ ಬಾವಿಯ ಕಡೆ ನಡೆಯುತ್ತ ತನ್ನ ಮಾತು ಹೇಳಿದಳು. ಸಾದಿಕ ಕತ್ತಿ ಎತ್ತಿದ. ಅಲ್ಲಿಗೆ ಎಲ್ಲರೂ ನಿಂತರು. ಹಾವು ಹೋಗುವ ಕಡೆ ನಾಟಕದಲ್ಲಿ ಒಂದು ಮಾತೂ ಇರಲಿಲ್ಲ. ಕೇಳುವವರಿಗೆ ಅದು ಹೋದದ್ದು ತಿಳಿಯುವುದು ಹೇಗೆ? ಟೇಪು ತಿರುಗುತ್ತಿತ್ತು. ಪ್ರಸಾದ ಗೋಣಿಯೊಳಗಿನಿಂದ ತಲೆ ಹೊರಗೆ ಹಾಕಿ ಅಜ್ಜಿಯ ಮುಖ ನೋಡಿದ. ಸುಮತಿಯಕ್ಕ ಬಾಗಿಲ ಬಳಿಯಿಂದ ಎದ್ದು ಬಂದು ಟೇಪ್ ರೆಕಾರ್ಡರಿನ ಮುಂದೆ ಬಗ್ಗಿದರು. ದೂರದಲ್ಲಿರುವವರಿಗೆ ಕೇಳಿಸಬೇಕೆಂಬಂತೆ ಗಟ್ಟಿಯಾಗಿ ಹೇಳಿದರು:

"ಹಮೀದಾ, ಈಗ ಹಾವು ಹೋಗ್ತಾ ಉಂಟು. ಅಂಗಳ ಇಳಿಯಿತು. ಯಾರೂ ಏನೂ ಮಾಡ್ಲಿಲ್ಲ ಅದಕ್ಕೆ, ಆಯ್ತಾ?" ಆಮೇಲೆ ಅಂಗಳದ ಕಡೆ ತಿರುಗಿ, ಮನೆಯಿಂದ ಹೊರಟವರಿಗೆ ಹೇಳುವ ಹಾಗೆ ತುಳುವಿನಲ್ಲಿ ಅಂದರು: "ಪೋದು ಬಲ." ಹೋಗಿ ಬಾ.